ಅಜ್ಜಿ ಕೇಳಿದಾಗ ಹೇಳಬೇಕಿತ್ತು

ಟೊರಾಂಟೊಗೆ ಬಂದು ಮೂರು ತಿಂಗಳಾಯಿತು, ಕೆಲಸ ಸಿಕ್ಕಿದೆ, ಆದರೆ ಖುಷಿಯೂ ಇಲ್ಲ, ದುಃಖವೂ ಇಲ್ಲ, ಬೇರೆ ಯಾರದ್ದೋ ಬದುಕನ್ನು ದೂರ ನಿಂತು ನೋಡಿದ ಹಾಗಿದೆ ಎಂದು ಬರೆದಿದ್ದೀರಿ. ಇದು ಎಲ್ಲರಿಗೂ ಆಗುತ್ತಾ ಎಂದು ಕೇಳಿದ್ದೀರಿ. ಜೊತೆಗೆ ಚಳಿಗಾಲದ ಬಟ್ಟೆ, ಡಾಕ್ಟರು, ಊರಿಗೆ ಹಣ ಕಳಿಸುವ ವಿಚಾರ.

ಕೋಟು, ಬೂಟು ಕೊಳ್ಳುವಾಗ ಜಿಪುಣತನ ಬೇಡ. ಹಣ ಕಳಿಸುವುದು ತಾನಾಗಿ ಗೊತ್ತಾಗುತ್ತದೆ.

ಎಲ್ಲರ ವಿಷಯ ಬಿಡಿ, ನನಗೆ ಆಗಿತ್ತು. ಬಂದಿದ್ದು 2007ರ ಜನವರಿ. ಕತ್ತಲಲ್ಲಿ ಬಸ್ ಹತ್ತುತ್ತಿದ್ದೆ, ಕತ್ತಲಲ್ಲಿ ಇಳಿಯುತ್ತಿದ್ದೆ. ಭಾನುವಾರ ಕಾಲಿಂಗ್ ಕಾರ್ಡ್ ಕೆರೆದು ಮನೆಗೆ ಫೋನ್. ಊಟ ಆಯ್ತಾ, ಆಯ್ತು. ಚಳಿ ಇದೆಯಾ, ಇದೆ. ಅಷ್ಟೇ. ಅಳು ಬಂದಿದ್ದರೆ ಮನೆ ನೆನಪು ಅಂದುಕೊಳ್ಳುತ್ತಿದ್ದೆ. ಬರಲೇ ಇಲ್ಲ. ಮನಸ್ಸು ಗಟ್ಟಿಯಾಗಿದೆ ಎಂದು ಹೆಮ್ಮೆಪಟ್ಟೆ.

ಎರಡು ವರ್ಷದ ಮೇಲೆ ತಿಪಟೂರಿಗೆ ಹೋದೆ. ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ದೃಷ್ಟಿ ತೆಗೆದರು. ಒಬ್ಬಟ್ಟು ಬಡಿಸಿದರು. ತಿಂದೆ, ಏನೂ ಅನ್ನಿಸಲಿಲ್ಲ. ಸಂಜೆ ಜಗುಲಿಯ ಮೇಲೆ ಪಕ್ಕದಲ್ಲಿ ಬಂದು ಕೂತು, "ಯಾಕೋ ಮಗಾ, ಯಾರ ಮನೆಗೋ ಬಂದ ನೆಂಟನ ಹಾಗಿದ್ದೀಯ?" ಎಂದರು. ಬೇರೆ ಯಾರಿಗೂ ಕಾಣದ್ದು ಅವರಿಗೆ ಕಂಡಿತ್ತು. "ನಿದ್ದೆ ಇಲ್ಲ ಅಜ್ಜಿ, ಅಷ್ಟೆ" ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಬೆನ್ನು ಸವರಿ ಎದ್ದು ಹೋದರು. ಮುಂದಿನ ವರ್ಷ ತೀರಿಕೊಂಡರು. ಸುದ್ದಿ ಕೇಳಿದಾಗಲೂ ನನ್ನ ಕಣ್ಣು ಒದ್ದೆಯಾಗಲಿಲ್ಲ. ಆಗ ನಿಜವಾಗಿ ಹೆದರಿಕೆಯಾಯಿತು. ಆಮೇಲೆ ಡಾಕ್ಟರ ಹತ್ತಿರ ಹೋದೆ.

ಅಳುವವರಿಗೆ ಮಾತ್ರ ಖಿನ್ನತೆ ಎಂದುಕೊಂಡಿದ್ದೆ. ಏನೂ ಅನ್ನಿಸದೆ ಇರುವುದೂ ಅದರ ಲಕ್ಷಣವಾಗಿರಬಹುದು ಎಂದು ಅವತ್ತು ತಿಳಿಯಿತು. ನಿದ್ದೆಗೆಟ್ಟರೆ, ಚಿಂತೆ ಜಾಸ್ತಿಯಾದರೆ ಕೂಡ ಹೀಗಾಗುತ್ತದಂತೆ. ನಿಮ್ಮದು ಯಾವುದು ಎಂದು ನಾನು ಹೇಳುವುದು ತಪ್ಪು. ತೋರಿಸಿಕೊಳ್ಳಿ. ಫ್ಯಾಮಿಲಿ ಡಾಕ್ಟರ್ ಸಿಗುವುದು ತಡವಾಗಬಹುದು, ಅಲ್ಲಿಯವರೆಗೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳದೆ ಹೋಗಬಹುದಾದ ವಾಕ್-ಇನ್ ಕ್ಲಿನಿಕ್ ಇದೆ. 811ಕ್ಕೆ ಫೋನ್ ಮಾಡಿದರೆ ಹಗಲೂ ರಾತ್ರಿ ನರ್ಸ್ ಮಾತಾಡುತ್ತಾರೆ. ಬದುಕೇ ಬೇಡ ಅನ್ನಿಸಿದರೆ ತಡಮಾಡಬೇಡಿ, ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಫೋನ್ ಅಥವಾ ಮೆಸೇಜ್ ಮಾಡಿ. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ಡಿಸೆಂಬರಿನಲ್ಲಿ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆ ಕತ್ತಲು ಬರುವುದರೊಳಗೆ ಡಾಕ್ಟರ ಹತ್ತಿರ ಹೋಗಿ ಬನ್ನಿ.

ಅಮ್ಮ ಫೋನಿನಲ್ಲಿ ಕೇಳಿದರೆ ಸುಮ್ನೆ "ಚೆನ್ನಾಗಿದ್ದೀನಿ" ಅನ್ನಬೇಡಿ.

ಶನಿವಾರ ಬಿಡುವಿದ್ದರೆ ಪಕ್ಕದ ಊರು ಮಿಸಿಸಾಗಾಗೆ, ನಮ್ಮ ಮನೆಗೆ ಬನ್ನಿ. ಮುದ್ದೆ, ಬಸ್ಸಾರು ಮಾಡುತ್ತೇವೆ. ರುಚಿ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತಲೇ ಹೇಳಿ.