ಆಟಕ್ಕೆ ಬನ್ನಿ, ಮಧ್ಯಾಹ್ನವೇ ಒಂದು ನಿದ್ದೆ ಮುಗಿಸಿ

ಮೈಸೂರಿನ ಓದುಗರೊಬ್ಬರು ಬರೆಯುತ್ತಾರೆ: “ಕಳೆದ ಡಿಸೆಂಬರಿನಲ್ಲಿ ಮಂಗಳೂರು ಕಡೆಗೆ ಬಂದಾಗ ಒಂದು ರಾತ್ರಿ ಯಕ್ಷಗಾನಕ್ಕೆ ಹೋದೆವು. 8 ಗಂಟೆಗೇ ಹೋಗಿ ಕೂತೆವು. 11ಕ್ಕೆ ಮಕ್ಕಳು ತೂಕಡಿಸಿದರು, ಎದ್ದು ಬಂದೆವು. ಏನೂ ನೋಡಿದ ಹಾಗಾಗಲಿಲ್ಲ. ಈ ಸಲವೂ ಒಂದು ಶನಿವಾರ-ಭಾನುವಾರ ಬರುತ್ತಿದ್ದೇವೆ. ಜೊತೆಗೆ 70 ವರ್ಷದ ಅಮ್ಮ, 9 ಮತ್ತು 13ರ ಮಕ್ಕಳು. ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕು? ಟಿಕೆಟ್ ಎಲ್ಲಿ ಸಿಗುತ್ತದೆ?”

ಸಂಪಾದಕರ ಉತ್ತರ:

ನೀವು ಎದ್ದು ಬಂದ ಹೊತ್ತಿಗೆ ಆಟ (ಇಲ್ಲಿ ಯಕ್ಷಗಾನಕ್ಕೆ ಹೇಳುವುದೇ ಹೀಗೆ) ಇನ್ನೂ ಕಳೆಗಟ್ಟಿರಲಿಲ್ಲ. ರಾತ್ರಿಯಿಡೀ ನಡೆಯುವ ಬಯಲಾಟದಲ್ಲಿ ಮೊದಲು ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಗಣಪತಿಗೆ ಪೂಜೆ, ಆಮೇಲೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳ ಪೂರ್ವರಂಗ. ಪ್ರಸಂಗ, ಅಂದರೆ ಆ ರಾತ್ರಿಯ ಕಥೆ, ಶುರುವಾಗುವುದೇ 10ರ ಆಸುಪಾಸು. ಆ ಮೊದಲ ಭಾಗವನ್ನು ಹೆಚ್ಚಾಗಿ ಹೊಸಬರಿಗೆ ಬಿಟ್ಟುಕೊಡುವ ಪದ್ಧತಿಯಿದೆ. ನುರಿತ ಕಲಾವಿದರ ವೇಷಗಳು ನಡುರಾತ್ರಿ ದಾಟಿದ ಮೇಲೆ ಬರುತ್ತವೆ. ನಿಮ್ಮಿಂದ ನಾಲ್ಕೇ ಗಂಟೆ ಕೂರಲು ಸಾಧ್ಯವಾದರೆ ಆ ನಾಲ್ಕು ಗಂಟೆ ಮೊದಲಿನವು ಆಗಬಾರದು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಕೋಣೆಯಲ್ಲಿ ಎಲ್ಲರೂ ಎರಡು ಮೂರು ಗಂಟೆ ಮಲಗಿ. ಆ ದಿನ ಕಡಲತೀರ, ದೇವಸ್ಥಾನ, ಪೇಟೆ ಎಂದು ಸುತ್ತಿದರೆ ರಾತ್ರಿಯ ಆಟ ಮತ್ತೆ ಹೋದ ವರ್ಷದಂತೆಯೇ ಆಗುತ್ತದೆ.

ಟಿಕೆಟಿನ ಮಾತು. ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಡುವ ಮೇಳಗಳು (ಯಕ್ಷಗಾನ ತಂಡಗಳು) ತುಳುನಾಡಿನ ಪತ್ತನಾಜೆಗೆ, ಅಂದರೆ ಮೇ 24-25ರ ಸುಮಾರಿಗೆ, ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಹಾಗಾಗಿ ಡಿಸೆಂಬರಿನಲ್ಲಿ ಆಟಕ್ಕೆ ಬರವಿಲ್ಲ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಆಡುವುದು ಹರಕೆಯಾಟ. ಸೇವಾಕರ್ತರು ಹರಕೆ ಹೊತ್ತು ಆಡಿಸುತ್ತಾರೆ, ನೋಡುವವರಿಗೆ ಪೂರಾ ಉಚಿತ, ಆಹ್ವಾನವೂ ಬೇಡ. ಟಿಕೆಟು ಇರುವುದು ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳ ಆಟಕ್ಕೆ. ಅದನ್ನು ಡೇರೆಯ ಬಾಗಿಲಲ್ಲೇ ಕೊಳ್ಳಬಹುದು. ಆಯಾ ದಿನ ಯಾವ ಮೇಳ ಎಲ್ಲಿ ಎಂಬುದು ಕರಾವಳಿಯ ದಿನಪತ್ರಿಕೆಗಳಲ್ಲಿ ಬರುತ್ತದೆ. ವಿಳಾಸ ಮಾತ್ರ ‘ಇಂಥವರ ಮನೆ ವಠಾರ’ ಎಂದಷ್ಟೇ ಇರುತ್ತದೆ. ಅದನ್ನು ಫೋನಿನ ನಕ್ಷೆ ತೋರಿಸುವುದಿಲ್ಲ. ಹತ್ತಿರದ ಪೇಟೆಗೆ ಹೋಗಿ ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳುವುದೇ ಸುಲಭ.

ಹೋಗುವ ಮುನ್ನ ಇನ್ನೊಂದು ವಿಷಯ ವಿಚಾರಿಸಿಕೊಳ್ಳಿ: ಅದು ಪೂರ್ತಿ ರಾತ್ರಿಯ ಆಟವೋ, ಕಾಲಮಿತಿಯೋ? ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ನೇ ಇಸವಿಯ ನಿಯಮಗಳು ಹಾಕಿದ ನಿರ್ಬಂಧವೂ, ಮರುದಿನ ಕೆಲಸಕ್ಕೆ ಹೋಗುವ ಪ್ರೇಕ್ಷಕರ ಅನುಕೂಲವೂ ಸೇರಿ ಕಾಲಮಿತಿ ಆಟಗಳು ಹೆಚ್ಚಾಗಿವೆ. ಇವು ಸಂಜೆಯೇ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಇಲ್ಲಿ ಮೇಲೆ ಹೇಳಿದ ಲೆಕ್ಕ ತಲೆಕೆಳಗು: 11ಕ್ಕೆ ಹೋದರೆ ಯುದ್ಧ, ಕೊನೆಯ ಮಂಗಳ ಮಾತ್ರ ಸಿಕ್ಕೀತು. ನಿಮ್ಮ ಮಕ್ಕಳ ವಯಸ್ಸಿಗೆ ಕಾಲಮಿತಿ ಸಾಕು ಎಂದು ಹಲವರು ಹೇಳಿಯಾರು. ನಮ್ಮ ಅಭಿಪ್ರಾಯ ಬೇರೆ. ಪೂರ್ತಿ ರಾತ್ರಿಯ ‘ದೇವಿ ಮಹಾತ್ಮೆ’ ಪ್ರಸಂಗ ಸಿಕ್ಕಿದರೆ ಅದನ್ನೇ ಆರಿಸಿಕೊಳ್ಳಿ.

ಕಾರಣ ಮಹಿಷಾಸುರ. ಅವನು ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ದೂರದ ಕತ್ತಲಲ್ಲಿ ಆರ್ಭಟ ಕೇಳುತ್ತದೆ, ದೊಂದಿಗಳ (ಪಂಜುಗಳ) ಬೆಳಕು ಕಾಣುತ್ತದೆ, ಜನರ ನಡುವಿನಿಂದಲೇ ಕೋಡು ಕುಣಿಸುತ್ತ ಬರುತ್ತಾನೆ. ಹದಿಮೂರರ ಮಗು ಇದನ್ನು ಮರೆಯಲಾರದು. ಚಿಕ್ಕವನಿಗೆ ಮೊದಲೇ ಹೇಳಿಟ್ಟಿರಿ, ಬೆಚ್ಚಿ ಅತ್ತರೆ ರಾತ್ರಿಯೆಲ್ಲ ಅದೇ ಆಗುತ್ತದೆ. ಮಹಿಷಾಸುರ ಬರುವ ದಾರಿಯನ್ನು ಸ್ವಯಂಸೇವಕರು ಖಾಲಿ ಇಟ್ಟಿರುತ್ತಾರೆ. ಅಲ್ಲಿ ಚಾಪೆ ಹಾಸಬೇಡಿ, ಅದರ ಅಂಚಿನಲ್ಲೂ ಬೇಡ. ದೊಂದಿಗೆ ರಾಳದ ಹುಡಿ ಎರಚಿದಾಗ ಬೆಂಕಿ ಒಮ್ಮೆಲೇ ಆಳೆತ್ತರ ಏಳುತ್ತದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕಿಡಿಗೆ ಕರಗಿ ಮೈಗೆ ಅಂಟುತ್ತದೆ. ಹೊದೆಯಲು ಹತ್ತಿ ಅಥವಾ ಉಣ್ಣೆಯ ಶಾಲೇ ಇರಲಿ.

ಕೂರುವ ಜಾಗ: ಎದುರಿನ ಐದಾರು ಸಾಲು ಬಿಟ್ಟು ಹಿಂದೆ, ಧ್ವನಿಪೆಟ್ಟಿಗೆಯ ನೇರ ತಪ್ಪಿಸಿ. ತೆಂಕುತಿಟ್ಟಿನ (ಕರಾವಳಿಯ ದಕ್ಷಿಣ ಭಾಗದ ಶೈಲಿಯ) ಚೆಂಡೆ, ಚಕ್ರತಾಳಗಳಿಗೆ ಮೈಕಿನ ಅಗತ್ಯವೇ ಇಲ್ಲ, ಆದರೂ ಮೈಕು ಇರುತ್ತದೆ. ಅಮ್ಮನಿಗೆ, ಮಕ್ಕಳಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಕರಾವಳಿಯ ಚಳಿ ಮೈಸೂರಿನವರಿಗೆ ಚಳಿಯೇ ಅಲ್ಲ. ಕಾಡುವುದು ಇಬ್ಬನಿ: 3 ಗಂಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಒದ್ದೆ, ತಲೆ ಒದ್ದೆ. ಟೊಪ್ಪಿ, ಕುರ್ಚಿ ಒರೆಸಲು ಬಟ್ಟೆ, ಬಿಸಿನೀರಿನ ಫ್ಲಾಸ್ಕ್ ಬೇಕೇ ಬೇಕು. ಇದೇ ಇಬ್ಬನಿಗೆ ಮದ್ದಳೆಯ ಚರ್ಮವೂ ತೇವ ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಬಿಡುವು ಸಿಕ್ಕಾಗೆಲ್ಲ ಮದ್ದಳೆಗಾರರು ಅಂಚು ತಟ್ಟಿ ಹಾಡುವ ಭಾಗವತರ ಶ್ರುತಿಗೆ ಕೂಡಿಸುವುದನ್ನು ಮಕ್ಕಳಿಗೆ ತೋರಿಸಿ.

ಚೌಕಿಗೂ ಒಮ್ಮೆ ಹೋಗಿ ಬನ್ನಿ. ಯಾರಾದರೂ ಒಬ್ಬರನ್ನು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಅಲ್ಲಿ ದೇವರಿದ್ದಾರೆ. ಬಣ್ಣದ ವೇಷಧಾರಿ (ರಾಕ್ಷಸ ಪಾತ್ರದವರು) ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದದಲ್ಲಿ ಮುಖಕ್ಕೆ ಒಂದೊಂದೇ ಚಿಟ್ಟಿ (ಉಬ್ಬು ಚುಕ್ಕಿ) ಇಡುತ್ತಾರೆ. ಇದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಆರುವ ಮೊದಲು ಮುಖ ಅಲ್ಲಾಡಿದರೆ ಚಿಟ್ಟಿ ಬಿರುಕು ಬಿಟ್ಟು ಉದುರುತ್ತದೆ. ಹಾಗಾಗಿ ಅವರನ್ನು ಮಾತಾಡಿಸಬೇಡಿ, ನಗಿಸಬೇಡಿ. ಕಿರೀಟ ಮುಟ್ಟಬೇಡಿ. ಫ್ಲ್ಯಾಶ್ ಹಾಕಿ ಫೋಟೋ ಬೇಡವೇ ಬೇಡ.

ಮಾತು ಅರ್ಥವಾಗದೆ ಹೋದೀತು ಎಂಬ ಅಳುಕು ಬೇಡ, ದೇವಿ ಮಹಾತ್ಮೆಯ ಅರ್ಥಗಾರಿಕೆ (ಪಾತ್ರಗಳಾಡುವ ಮಾತು) ಕನ್ನಡದಲ್ಲೇ. ಬೇರೆ ಪ್ರಸಂಗವಾದರೆ ಭಾಷೆ ಕೇಳಿಕೊಳ್ಳಿ, ತೆಂಕಿನಲ್ಲಿ ತುಳು ಪ್ರಸಂಗಗಳೂ ಇವೆ. ಹೊರಡುವ ಮೊದಲು ಮಧು-ಕೈಟಭ, ಮಹಿಷ, ಚಂಡ-ಮುಂಡ, ರಕ್ತಬೀಜ, ಶುಂಭ-ನಿಶುಂಭರ ಕಥೆಯನ್ನು ಮಕ್ಕಳಿಗೆ ಹೇಳಿ. ಮಾತು ಆ ಕ್ಷಣದಲ್ಲಿ ಹುಟ್ಟುವುದು, ಮೊದಲೇ ಬರೆದಿಟ್ಟದ್ದಲ್ಲ. ಕಥೆ ಗೊತ್ತಿದ್ದರೆ ಆ ಮಾತಿನ ಸೊಗಸಿಗೆ ಕಿವಿ ಬಿಡುವಾಗುತ್ತದೆ.

ಅಮ್ಮನಿಗೆ ರಾತ್ರಿ ಜಾಗರಣೆ ಆಗದಿದ್ದರೆ ಭಾನುವಾರ ಎಲ್ಲಾದರೂ ತಾಳಮದ್ದಳೆ ಇದೆಯೇ ನೋಡಿ. ವೇಷವಿಲ್ಲ, ಕುಣಿತವಿಲ್ಲ, ಕೂತು ಕೇಳುವ ಮಾತಿನ ಕಲೆ. ಸಭಾಂಗಣದೊಳಗೆ ನಡೆಯುವುದರಿಂದ ಇಬ್ಬನಿಯ ಕಾಟವೂ ಇಲ್ಲ.

ಇನ್ನು ವಾಪಸು ದಾರಿ. ಬೆಳಿಗ್ಗೆ ಮಂಗಳವಾದ ಕೂಡಲೇ ಸಂಪಾಜೆ ಘಾಟಿ ಹತ್ತಬೇಡಿ. ನಿದ್ದೆಗೆಟ್ಟ ಚಾಲಕ, ಮೇಲೆ ಮಡಿಕೇರಿಯ ಮಂಜು, ಎರಡೂ ಒಟ್ಟಿಗೆ ಸೇರಬಾರದು. ಉಳಿದುಕೊಂಡ ಕೋಣೆಗೆ ಮರಳಿ ಕನಿಷ್ಠ ನಾಲ್ಕು ಗಂಟೆ ಮಲಗಿ, ಊಟ ಮುಗಿಸಿ ಹೊರಡಿ. ಕೋಣೆ ಮಧ್ಯಾಹ್ನದವರೆಗೆ ಬೇಕೆಂದು ಮೊದಲೇ ಹೇಳಿಡಿ. ಬರುವ ವಾರ ನಿಗದಿಯಾದ ಮೇಲೆ ಯಾವ ಊರಿನಲ್ಲಿ ಉಳಿಯುತ್ತೀರಿ ಎಂದು ಒಂದು ಸಾಲು ಬರೆಯಿರಿ. ಆ ಶನಿವಾರ ಅಲ್ಲಿಗೆ ಹತ್ತಿರದ ಆಟ ಯಾವುದೆಂದು ತಿಳಿಸುತ್ತೇವೆ.