ಪರ್ಫಾರ್ಮೆನ್ಸ್ ಆವೃತ್ತಿಗೆ ಹೆಚ್ಚು ಹಣ ಕೊಡಬೇಕೇ?

ಟೆಸ್ಲಾದ ವಿದ್ಯುತ್ ಕಾರು ಮಾಡೆಲ್ 3ರ ಲಾಂಗ್ ರೇಂಜ್ ಆಲ್ ವೀಲ್ ಡ್ರೈವ್ (ಹೆಚ್ಚು ದೂರ ಓಡುವ, ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಆವೃತ್ತಿ) ಬಿಟ್ಟು ಇನ್ನೂ ಚುರುಕಾದ ಪರ್ಫಾರ್ಮೆನ್ಸ್ ಆವೃತ್ತಿಗೆ ಹೆಚ್ಚುವರಿ ಹಣ ತೆರುವುದು ಸಾರ್ಥಕವೇ ಎಂದು ಕೇಳಿದ್ದೀರಿ. ನಿತ್ಯದ ಓಡಾಟಕ್ಕಾದರೆ ಬೇಡ ಎಂಬುದೇ ನನ್ನ ಅಭಿಪ್ರಾಯ. 2024ರ ಕಾರುಗಳಲ್ಲಿ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಮೊದಲನೆಯದಕ್ಕೆ 4.4 ಸೆಕೆಂಡು ಬೇಕು, ಎರಡನೆಯದಕ್ಕೆ 3.1 ಸಾಕು, ಆದರೆ ಸಿಗ್ನಲ್ ದಾಟಲು ಮೊದಲನೆಯದೇ ಧಾರಾಳವಾಯಿತು. ಪರ್ಫಾರ್ಮೆನ್ಸ್ ಆವೃತ್ತಿಯ 20 ಅಂಗುಲದ ಚಕ್ರಗಳೂ ಹಿಡಿತ ಹೆಚ್ಚಿರುವ ಟೈರುಗಳೂ ಹೆಚ್ಚು ವಿದ್ಯುತ್ ಬೇಡುವುದರಿಂದ, ಡಬ್ಲ್ಯೂಎಲ್‌ಟಿಪಿ (ಯುರೋಪಿನಲ್ಲಿ ಬಳಸುವ ಪರೀಕ್ಷೆ) ಅಳತೆಯಲ್ಲಿ 678 ಕಿ.ಮೀ.ವರೆಗೆ ಸಿಗುತ್ತಿದ್ದ ರೇಂಜ್, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ, 528ಕ್ಕೆ ಇಳಿಯುತ್ತದೆ; ಟೈರಿನ ಎತ್ತರ ಕಡಿಮೆಯಿರುವ ಕಾರಣ ಗುಂಡಿಗೆ ಬಿದ್ದಾಗ ರಿಮ್ಮಿಗೇ ಪೆಟ್ಟಾಗುವ ಸಂಭವವೂ ಹೆಚ್ಚು (ಈ ಖರ್ಚನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ). ನೀವು ರೇಸ್ ಟ್ರ್ಯಾಕಿಗೆ ಆಗಾಗ ಹೋಗುವವರಾದರೆ ಮಾತು ಬೇರೆ: ಅದರಲ್ಲಿರುವ ಅಡಾಪ್ಟಿವ್ ಸಸ್ಪೆನ್ಷನ್ (ರಸ್ತೆಗೆ ತಕ್ಕಂತೆ ಬಿಗುವು ಬದಲಿಸಿಕೊಳ್ಳುವ ಸಸ್ಪೆನ್ಷನ್) ಮತ್ತು ಬಲವಾದ ಬ್ರೇಕುಗಳನ್ನು ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟಿನಿಂದ ಪಡೆಯಲಾಗದು. ಮುಂಗಡ ಕೊಡುವ ಮೊದಲು ಎರಡನ್ನೂ ಒಂದೇ ಹದಗೆಟ್ಟ ರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ ಮನೆಯವರನ್ನು ಕೂರಿಸಿಕೊಂಡೇ ಓಡಿಸಿ ನೋಡಿ.