ಶಸ್ತ್ರಚಿಕಿತ್ಸೆ ಮೊದಲೋ, ಸಲುಗೆ ಮೊದಲೋ?

ಪ್ರಶ್ನೆ: ಬೇರೊಂದು ದೇಶದ ಅನಾಥಾಲಯದಲ್ಲಿರುವ ನಾಲ್ಕು ವರ್ಷದ ಹುಡುಗನನ್ನು ದತ್ತು ಪಡೆಯಲು ನಾವು ಸಲ್ಲಿಸಿದ ಅರ್ಜಿ ಕೊನೆಯ ಹಂತ ತಲುಪಿದೆ. ಅವನ ಸೀಳುತುಟಿಗೆ ಅಲ್ಲಿಯೇ ಶಸ್ತ್ರಚಿಕಿತ್ಸೆಯಾಗಿದೆ, ಆದರೆ ಅಂಗುಳದ ಸೀಳು ಹಾಗೆಯೇ ಉಳಿದಿದೆ. ಮಾತು ಬಹಳ ಕಡಿಮೆ ಎಂದು ವರದಿಯಲ್ಲಿದೆ. ಬಂದ ವಾರವೇ ಶಸ್ತ್ರಚಿಕಿತ್ಸೆ ಮಾಡಿಸಿ, ಬೇಗನೆ ಶಾಲೆಗೆ ಸೇರಿಸಬೇಕೆಂಬುದು ನನ್ನ ಪತಿಯ ಆಲೋಚನೆ. ಅತ್ತೆ, ಮಾವ, ನಾದಿನಿಯರೆಲ್ಲ ಅವನನ್ನು ಎತ್ತಿ ಮುದ್ದಾಡಲು ಕಾದಿದ್ದಾರೆ. ನಮಗೆ ಒಂಬತ್ತು ವರ್ಷದ ಮಗಳಿದ್ದಾಳೆ. ನಾವು ಹೇಗೆ ಸಿದ್ಧರಾಗಬೇಕು?

ಉತ್ತರ: ನಿಮ್ಮ ಪತಿಯ ಆತುರದ ಹಿಂದೆ ಕಾಳಜಿಯೇ ಇದೆ, ಆದರೂ ಕ್ರಮವನ್ನು ಸ್ವಲ್ಪ ಬದಲಿಸಿಕೊಳ್ಳಿ ಎಂದು ಹೇಳಬೇಕಾಗಿದೆ. ತಪಾಸಣೆ ತಡವಾಗಬಾರದು, ಆದರೆ ಚಿಕಿತ್ಸೆಯಲ್ಲಿ ಕಾಯಬಹುದಾದದ್ದು ಕಾಯಲಿ. ಮೊದಲ ತಿಂಗಳುಗಳಲ್ಲಿ ಆ ಮಗು ಕಲಿಯಬೇಕಾದ ಪಾಠ ಒಂದೇ: ತಾನು ಅತ್ತರೆ ಬರುವವರು ಯಾರು ಎಂಬುದು.

ಅಂಗುಳದ ಶಸ್ತ್ರಚಿಕಿತ್ಸೆಯ ನಂತರ ನೋವಿರುತ್ತದೆ, ಕೆಲವು ದಿನ ಮೆತ್ತನೆಯ ಆಹಾರವನ್ನಷ್ಟೇ ಕೊಡಬೇಕಾಗುತ್ತದೆ, ಮಗು ಬಾಯಿಗೆ ಕೈ ಹಾಕದಂತೆ ಕೆಲವೆಡೆ ತೋಳುಗಳಿಗೆ ಪಟ್ಟಿಯನ್ನೂ ಕಟ್ಟುತ್ತಾರೆ. ತಾನು ಬೆಳೆದ ಜಾಗ, ಭಾಷೆ, ಜೊತೆಯ ಮಕ್ಕಳು ಎಲ್ಲವನ್ನೂ ಒಂದೇ ವಾರದಲ್ಲಿ ಕಳೆದುಕೊಂಡು ಬಂದ ಹುಡುಗ, ಹೆಸರೂ ಸರಿಯಾಗಿ ತಿಳಿಯದ ಇಬ್ಬರು ದೊಡ್ಡವರ ನಡುವೆ ಇದನ್ನೆಲ್ಲ ಅನುಭವಿಸುವುದಕ್ಕೂ, ನೋವಾದಾಗ ನಿಮ್ಮ ಕುತ್ತಿಗೆಗೆ ಜೋತುಬೀಳಲು ಕಲಿತ ಮೇಲೆ ಅನುಭವಿಸುವುದಕ್ಕೂ ಅಜಗಜಾಂತರವಿದೆ. ಹಾಗೆಂದು ವರ್ಷಗಟ್ಟಲೆ ಮುಂದೂಡುವಂತೆಯೂ ಇಲ್ಲ. ಅಂಗುಳ ಸೀಳಿರುವಾಗ ಪ, ಬ, ತ, ಕ ಮುಂತಾದ ಅಕ್ಷರಗಳಿಗೆ ಬೇಕಾದ ಗಾಳಿ ಬಾಯಲ್ಲಿ ನಿಲ್ಲದೆ ಮೂಗಿನಿಂದ ಸೋರಿಹೋಗುತ್ತದೆ. ಮಗು ಅದನ್ನು ಸರಿದೂಗಿಸಲು ಗಂಟಲಿನಿಂದ ಶಬ್ದ ಹೊರಡಿಸುವುದನ್ನು ರೂಢಿ ಮಾಡಿಕೊಂಡರೆ ಆಮೇಲೆ ಬಿಡಿಸುವುದು ಕಷ್ಟ. ಆದ್ದರಿಂದ ಅವನು ಬಂದ ಕೂಡಲೇ ಶಸ್ತ್ರಚಿಕಿತ್ಸಕರು, ಕಿವಿ-ಮೂಗು-ಗಂಟಲು ತಜ್ಞರು ಮತ್ತು ವಾಕ್ ಚಿಕಿತ್ಸಕರು ಒಟ್ಟಾಗಿ ಕೆಲಸ ಮಾಡುವ ತಂಡಕ್ಕೆ ತೋರಿಸಿ, ದತ್ತು ಮಗುವೆಂಬುದನ್ನು ತಿಳಿಸಿ, ಎಷ್ಟು ಕಾಲ ಕಾಯಬಹುದೆಂದು ಅವರನ್ನೇ ಕೇಳಿ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ಅಂಗುಳದ ಸೀಳಿರುವ ಮಕ್ಕಳಲ್ಲಿ ನಡುಗಿವಿಯಲ್ಲಿ ದ್ರವ ಕಟ್ಟಿಕೊಳ್ಳುವುದು ತೀರಾ ಸಾಮಾನ್ಯ. ಅದರಿಂದ ಕೇಳುವ ಶಕ್ತಿ ತಗ್ಗುತ್ತದೆ. ಮಾತು ಕಡಿಮೆಯಿರುವುದಕ್ಕೆ ಅಂಗುಳ ಕಾರಣವೋ, ಕಿವಿ ಕಾರಣವೋ, ಅಥವಾ ಅನಾಥಾಲಯದಲ್ಲಿ ಅವನೊಡನೆ ಕುಳಿತು ಮಾತನಾಡುವವರೇ ಇರಲಿಲ್ಲವೋ ಎಂಬುದು ಪರೀಕ್ಷಿಸಿ ನೋಡದೆ ಗೊತ್ತಾಗುವುದಿಲ್ಲ. ಮೂರೂ ಸೇರಿರುವುದೇ ಹೆಚ್ಚು.

ಬಂದ ಎರಡು ವಾರದೊಳಗೆ ಮಕ್ಕಳ ತಜ್ಞರಿಂದ ಪೂರ್ಣ ತಪಾಸಣೆಯಾಗಲಿ. ರಕ್ತಹೀನತೆ, ಕ್ಷಯ, ಹೆಪಟೈಟಿಸ್, ಎಚ್‌ಐವಿ, ಕರುಳಿನ ಪರಾವಲಂಬಿಗಳು, ದೃಷ್ಟಿ, ಲಸಿಕೆಗಳು ಎಲ್ಲವನ್ನೂ ಅಲ್ಲಿನ ದಾಖಲೆಗಳೇನೇ ಹೇಳಲಿ, ಹೊಸದಾಗಿ ನೋಡುವುದು ವಾಡಿಕೆ. ಕೆಲವು ಪರೀಕ್ಷೆಗಳನ್ನು ಆರು ತಿಂಗಳ ನಂತರ ಮತ್ತೊಮ್ಮೆ ಮಾಡುತ್ತಾರೆ. ಅವನ ಎತ್ತರ ವಯಸ್ಸಿಗಿಂತ ಕಡಿಮೆಯಿದ್ದರೆ ಗಾಬರಿಯಾಗಬೇಡಿ. ಸಂಸ್ಥೆಯಲ್ಲಿ ಕಳೆದ ಪ್ರತಿ 3 ತಿಂಗಳಿಗೆ ಬೆಳವಣಿಗೆ ಸುಮಾರು 1 ತಿಂಗಳು ಹಿಂದೆ ಬೀಳುತ್ತದೆಂಬುದು ವೈದ್ಯರಲ್ಲಿ ಪ್ರಚಲಿತವಿರುವ ಅಂದಾಜು, ಮತ್ತು ಮನೆಗೆ ಬಂದ ಮೇಲೆ ಬಹುಪಾಲು ಮಕ್ಕಳು ಬೇಗನೆ ಚೇತರಿಸಿಕೊಳ್ಳುತ್ತಾರೆ.

ಕಾಗದಪತ್ರಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಂತರರಾಷ್ಟ್ರೀಯ ದತ್ತುವಿಗೆ ಸಂಬಂಧಿಸಿದ 1993ರ ಹೇಗ್ ಒಪ್ಪಂದವು ಎರಡೂ ದೇಶಗಳಿಗೆ ಅನ್ವಯಿಸುವುದಾದರೆ, ಮಗುವಿನ ಹಿನ್ನೆಲೆ, ಕುಟುಂಬದ ಮತ್ತು ಆರೋಗ್ಯದ ಇತಿಹಾಸ, ವಿಶೇಷ ಅಗತ್ಯಗಳು ಇವೆಲ್ಲ ಸೇರಿದ ವರದಿಯನ್ನು ಆ ದೇಶ ಸಿದ್ಧಪಡಿಸಬೇಕು. ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಹಳೆಯ ಫೋಟೋಗಳು, ಅವನ ದಿನಚರಿ, ಮಲಗಿಸುವಾಗ ಹೇಳುವ ಮಾತು ಇವನ್ನೂ ಈಗಲೇ ಕೇಳಿ ಪಡೆಯಿರಿ. ಮುಂದೆ ಇವು ಅವನ ಆಸ್ತಿ.

ಇನ್ನು ಬಂಧುಗಳ ವಿಷಯ. ಇಲ್ಲಿಯೇ ನಿಮಗೆ ನಿಷ್ಠುರವಾಗುವ ಸಂದರ್ಭ ಬರುವುದು. ಅನಾಥಾಲಯದಲ್ಲಿ ಪಾಳಿಯ ಮೇಲೆ ಬದಲಾಗುವ ದಾದಿಯರ ನಡುವೆ ಬೆಳೆದ ಮಕ್ಕಳು ಅಪರಿಚಿತರ ತೊಡೆಯನ್ನೂ ಸಲೀಸಾಗಿ ಏರುತ್ತಾರೆ. ನೋಡುವವರು "ಎಷ್ಟು ಬೇಗ ಹೊಂದಿಕೊಂಡ!" ಎಂದು ಹಿಗ್ಗುತ್ತಾರೆ, ವಾಸ್ತವದಲ್ಲಿ ಅವನಿಗೆ ನೀವೂ ಅವರೂ ಒಂದೇ ಎಂಬುದರ ಸೂಚನೆ ಅದು. ಆದ್ದರಿಂದ ಕೆಲವು ತಿಂಗಳು ಉಣಿಸುವುದು, ಸ್ನಾನ, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು ನೀವಿಬ್ಬರೇ ಮಾಡಿ. ಅತ್ತೆಯವರು ಅದೇ ಕೋಣೆಯಲ್ಲಿ ಕುಳಿತು ಆಡಿಸಲಿ, ನಿಮ್ಮ ಮನೆಗೆಲಸ ಹಂಚಿಕೊಳ್ಳಲಿ. ಅವನು ತುತ್ತಿಗೆ ಬಾಯಿ ತೆರೆದಾಗ ಮಾತ್ರ ನಿಮ್ಮ ಕಡೆ ಕಳುಹಿಸಲಿ. ಇದು ಅವರ ಮೇಲಿನ ಅಪನಂಬಿಕೆಯಲ್ಲ, ಕೆಲಕಾಲದ ಪಥ್ಯ ಎಂದು ಅವನು ಬರುವ ಮೊದಲೇ ನಿಮ್ಮ ಪತಿಯಿಂದ ಹೇಳಿಸಿ. ಸೊಸೆಯ ಬಾಯಿಂದ ಬಂದರೆ ಅದರ ಅರ್ಥವೇ ಬೇರೆಯಾಗಬಹುದು.

ಶಾಲೆ ಕಾಯಲಿ. ಅವನು ತಿಂಡಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟರೆ ಗದರಬೇಡಿ, ಕೈಗೆಟುಕುವಲ್ಲಿ ಏನಾದರೂ ಇಟ್ಟಿರಿ. ಮಗಳನ್ನು ಪುಟ್ಟ ದಾದಿಯನ್ನಾಗಿ ಮಾಡಬೇಡಿ; ಅವಳಿಗೆ ಅಸೂಯೆ, ಸಿಟ್ಟು ಬಂದರೆ ಹೇಳಿಕೊಳ್ಳಲು ಬಿಡಿ, ದಿನದಲ್ಲಿ ಸ್ವಲ್ಪ ಹೊತ್ತು ಅವಳಿಗೇ ಮೀಸಲಿಡಿ.

ಪ್ರಶ್ನೆ: ನಡೆಯಲು ತೊಂದರೆಯಿರುವ ಮೂರು ವರ್ಷದ ಮಗಳನ್ನು ಹೊರದೇಶದಿಂದ ಕರೆತಂದು ಎರಡು ತಿಂಗಳಾಯಿತು. ಅವಳು ನನ್ನನ್ನು ತಳ್ಳುತ್ತಾಳೆ, ರಾತ್ರಿಯಿಡೀ ಕಿರುಚುತ್ತಾಳೆ. ನನಗೂ ಅವಳ ಮೇಲೆ ಪ್ರೀತಿ ಹುಟ್ಟುತ್ತಿಲ್ಲ. ವರ್ಷಗಟ್ಟಲೆ ಹಂಬಲಿಸಿದವಳು ನಾನೇ. ಇದನ್ನು ಯಾರಲ್ಲಿ ಹೇಳಲಿ?

ಉತ್ತರ: ಅವಳು ತಳ್ಳುತ್ತಿರುವುದು ಕಳೆದುಕೊಂಡವರಿಗಾಗಿ ಪಡುತ್ತಿರುವ ದುಃಖವೂ ಆಗಿರಬಹುದು, ಯಾರನ್ನೋ ಹಚ್ಚಿಕೊಂಡಿದ್ದ ಮಗು ಮಾತ್ರ ಹೀಗೆ ಶೋಕಿಸಬಲ್ಲದು, ಆ ಮಟ್ಟಿಗೆ ಇದು ನಿರಾಶೆಯ ಲಕ್ಷಣವಲ್ಲ. ಹೆತ್ತವರಿಗೆ ಬರುವಂತೆ ದತ್ತು ಪಡೆದವರಿಗೂ ಖಿನ್ನತೆ ಬರುತ್ತದೆ, ನಿದ್ದೆಗೆಟ್ಟವರಿಗೆ ಇನ್ನಷ್ಟು ಬೇಗ. ಇಷ್ಟು ದಿನ ಹಂಬಲಿಸಿದವಳು ದೂರುವುದು ಹೇಗೆ ಎಂಬ ಸಂಕೋಚವೇ ಹಲವರನ್ನು ಬಾಯಿಬಿಡದಂತೆ ಮಾಡುತ್ತದೆ. ದತ್ತು ಸಂಸ್ಥೆಯ ಸಮಾಜ ಕಾರ್ಯಕರ್ತರಿಗೆ ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯ ಬೇಡ; ದತ್ತು ನಂತರದ ಭೇಟಿಗಳಲ್ಲಿ ಅವರು ಕೇಳಿಸಿಕೊಳ್ಳಬೇಕಾದದ್ದು ಇದನ್ನೇ. ಪ್ರೀತಿ ಬರಲೆಂದು ಕಾಯದೆ, ಅವಳನ್ನು ತೊಡೆಯ ಮೇಲೆ ಕೂರಿಸಿ ಉಣಿಸುವುದನ್ನು, ವ್ಯಾಯಾಮ ಮಾಡಿಸುವ ಹೊತ್ತಿಗೆ ಒಂದೇ ಹಾಡು ಹೇಳುವುದನ್ನು ಮುಂದುವರಿಸಿ. ಕೈಯ ಅಭ್ಯಾಸದ ಹಿಂದೆ ಮನಸ್ಸು ಬರುವುದನ್ನು ಇಂಥ ಅನೇಕ ತಾಯಂದಿರು ಹೇಳಿದ್ದಾರೆ. ಅವಳ ಕಿರುಚಾಟಕ್ಕೆ ಕಾಲಿನ ಅಥವಾ ಹೊಟ್ಟೆಯ ನೋವು ಕಾರಣವಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಿ. ರಾತ್ರಿಯ ಪಾಳಿಯನ್ನು ನಿಮ್ಮ ಪತಿ ಹಂಚಿಕೊಳ್ಳಲಿ. ಎರಡು ವಾರ ಕಳೆದರೂ ಮನಸ್ಸು ಮಂಕಾಗಿಯೇ ಇದ್ದರೆ ನಿಮ್ಮ ವೈದ್ಯರನ್ನು ಕಾಣಿ. ನಿಮಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಬಿಡುವೆನೆಂಬ ಯೋಚನೆ ಸುಳಿದರೆ ಎರಡು ವಾರವೂ ಬೇಡ, ಅಂದೇ ಹೋಗಿ.